ಹನ್ನೊಂದನೆಯ ಬಾಬತ್ತು

ಡಾರೆಲ್ ಸೂಜಾ ಆ ಮಂಗಳವಾರ ತನ್ನ ಬಲಗೈಯನ್ನು ಜೇಬಿನಲ್ಲೇ ಬಿಟ್ಟಿದ್ದರೆ ಬೆಳಿಗ್ಗೆ ಹತ್ತೂಕಾಲಿಗೆಲ್ಲ ಕೆಲಸ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ಕೈ ಎತ್ತಿದ. ನಲವತ್ತು ಜನ ತಿರುಗಿ ನೋಡಿದರು.

ಯಾಕೆ ಎತ್ತಿದ ಅಂದರೆ, ಯೊಲಾಂಡಾ ಹೇಳಿದ್ದಳು. ಯೊಲಾಂಡಾ ಡ್ರೈ ಫೋರ್ಕ್ ಕಮ್ಯುನಿಟಿ ಕಾಲೇಜಿನ ಆಫೀಸಿನವಳು. ಅವಳಿಗೆ ಪ್ರಾಂಶುಪಾಲರ ಬಿಪಿಯಿಂದ ಹಿಡಿದು ಅಡಿಗೆಮನೆ ಬೆಕ್ಕಿನ ಬಸುರಿನವರೆಗೆ ಎಲ್ಲದರ ಮೇಲೂ ಅಭಿಪ್ರಾಯವಿತ್ತು. "ನೋಡು ಡಾರೆಲ್, ಅಲ್ಲಿ ಹೋಗಿ ಮೂಲೇಲಿ ಮೂಟೆ ಥರ ಕೂತ್ಕೋಬೇಡ. ನಿನ್ನ ನಂಬರ್ ಹನ್ನೊಂದು, ಅದು ಬಂದ ಕೂಡ್ಲೇ ಕೈ ಎತ್ತು, ಬಾಯಿ ಬಿಡು. ಬಾಯಿ ಇಲ್ದೋರ ಕಡೆ ಅವ್ರು ತಿರುಗೂ ನೋಡಲ್ಲ," ಎಂದಿದ್ದಳು. ವೆಲ್ಡಿಂಗ್ ಮೇಷ್ಟ್ರು ಹ್ಯಾಂಕ್ ತನ್ನದೊಂದು ಟೈ ಕೊಟ್ಟಿದ್ದ. ಅದರ ಮೇಲೆ ಮೀನಿನ ಚಿತ್ರಗಳಿದ್ದವು. "ಇದು ನನ್ನ ಲಕ್ಕಿ ಟೈ ಮಾರಾಯ. ನನ್ನ ಎರಡೂ ಮದುವೆಗೆ ಇದನ್ನೇ ಕಟ್ಕೊಂಡಿದ್ದೆ." ಎರಡೂ ಮದುವೆ ಮುರಿದುಬಿದ್ದಿದ್ದವು ಎಂಬುದು ಡಾರೆಲ್‌ಗೆ ಟೈ ಬಿಗಿದುಕೊಂಡ ಮೇಲೆ ನೆನಪಾಯಿತು.

ಡಾರೆಲ್ ಆ ಕಾಲೇಜಿನ ಶನಿವಾರದ ಮೇಷ್ಟ್ರು. ಕೇಕಿಗೆ ಕ್ರೀಮು ಮೆತ್ತುವ ಕ್ಲಾಸು ಒಂದು ಕಡೆ, ಯುಕುಲೇಲೆ ಬಾರಿಸುವ ಕ್ಲಾಸು ಇನ್ನೊಂದು ಕಡೆ, ನಡುವೆ ಇವನ ಸೆಪ್ಟಿಕ್ ಟ್ಯಾಂಕಿನ ಕ್ಲಾಸು. ಕ್ಯಾಲಿಫೋರ್ನಿಯಾದ ಆ ಗುಡ್ಡದ ಸೀಮೆಯಲ್ಲಿ ಒಳಚರಂಡಿ ಇರುವುದು ಊರೊಳಗಿನ ನಾಲ್ಕು ಬೀದಿಗೆ. ಉಳಿದ ಮನೆಗಳು ತಮ್ಮದನ್ನು ತಮ್ಮ ಹಿತ್ತಿಲಲ್ಲೇ ಹೂತಿಟ್ಟು ಆರಾಮಾಗಿ ಮರೆತುಬಿಟ್ಟಿದ್ದವು. ಹದಿನಾರನೇ ವಯಸ್ಸಿಗೆ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿ ಅಪ್ಪನ ಪಂಪಿನ ಲಾರಿ ಹತ್ತಿದ ಡಾರೆಲ್, ನಲವತ್ತು ವರ್ಷ ಈ ಮರೆವನ್ನೆಲ್ಲ ಅಗೆದು ಹೊರಗೆ ಹಾಕಿದ್ದ. ಬೆನ್ನು ಕೈಕೊಟ್ಟ ಮೇಲೆ ಲಾರಿ ಮಾರಿ ಪಾಠಕ್ಕೆ ನಿಂತ. ಅವನ ಹತ್ತಿರ ಕಲಿತವರು ಇವತ್ತು ಅರ್ಧ ಜಿಲ್ಲೆಯನ್ನು ಗಬ್ಬು ನಾರದ ಹಾಗೆ ಕಾಯುತ್ತಿದ್ದರು. ಆದರೂ ಜೂನ್ ತಿಂಗಳಿಗೆ ಶನಿವಾರದ ಕ್ಲಾಸು ಬಂದ್ ಎಂದು ಮೇಲಿನಿಂದ ಆಜ್ಞೆ ಬಂದಿತ್ತು.

ಉಳಿಯುವ ದಾರಿ ಒಂದೇ. ಅದು ಹವ್ಯಾಸದ ಕ್ಲಾಸಾಗಿರುವ ಬದಲು ಅಂಕ, ಪರೀಕ್ಷೆ, ಸರ್ಟಿಫಿಕೇಟು ಇರುವ ಪೂರ್ತಿ ವೃತ್ತಿ ಕೋರ್ಸಾಗಬೇಕು. ಹಾಗಾದರೆ ಒಬ್ಬ ಖಾಯಂ ಮೇಷ್ಟ್ರು ಬೇಕು. ಖಾಯಂ ಮೇಷ್ಟ್ರಿಗೆ ಆರೋಗ್ಯ ವಿಮೆ ಉಂಟು. ವಿಮೆ ಇದ್ದರೆ ಹೆಂಡತಿ ಲೋರ್ನಾಳ ಸವೆದ ಸೊಂಟದ ಕೀಲನ್ನು ಬದಲಾಯಿಸಬಹುದು. ಲೋರ್ನಾ ಮೂರು ವರ್ಷದಿಂದ ಮನೆಯೊಳಗೆ ಕುರ್ಚಿ ಹಿಡಿದು ಮೇಜಿಗೆ, ಮೇಜು ಹಿಡಿದು ಫ್ರಿಜ್ಜಿಗೆ, ದೋಣಿಯಿಂದ ದೋಣಿಗೆ ದಾಟುವವಳ ಹಾಗೆ ಓಡಾಡುತ್ತಿದ್ದಳು. ಆದರೆ ಯಾವ ಹೊಸ ವೃತ್ತಿ ಕೋರ್ಸಿಗೂ ಸುತ್ತಲಿನ ಒಂಬತ್ತು ಕಾಲೇಜುಗಳ ವಲಯ ಒಕ್ಕೂಟ ಹೂಂ ಅನ್ನಬೇಕು. ಒಕ್ಕೂಟ ಸೇರುವುದು ವರ್ಷಕ್ಕೆ ಎರಡು ಸಲ. ಆ ಮಂಗಳವಾರ ಅದು ವೈನ್ ತೋಟದ ಗುಡ್ಡದ ಮೇಲಿನ ಒಂದು ಅತಿಥಿಗೃಹದಲ್ಲಿ ಸೇರಿತ್ತು.

ಮಂಜಿನಲ್ಲಿ ತಡಕಾಡುತ್ತ ಡಾರೆಲ್ ತನ್ನ ಹಳೇ ಪಿಕಪ್ಪನ್ನು ಅಲ್ಲಿ ನಿಲ್ಲಿಸಿದಾಗ ಅವನ ಕಾಲೇಜಿನ ಡೀನ್ ಮೆರೆಡಿತ್ ಕ್ವಾನ್ ಆಗಲೇ ಬಂದಿದ್ದಳು. ಒಳ್ಳೆಯ ಹೆಂಗಸು. ಒಳ್ಳೆಯವರಿಗಿರುವ ಎಲ್ಲ ಅವಸರವೂ ಅವಳಿಗಿತ್ತು.

"ಡಾರೆಲ್, ನೀವು ಏನೂ ಮಾತಾಡೋ ಅಗತ್ಯ ಇಲ್ಲ, ಸುಮ್ನೆ ಕೂತಿದ್ರೆ ಸಾಕು. ಮತ್ತೆ, ದಯವಿಟ್ಟು ಸೆಪ್ಟಿಕ್ ಅನ್ಬೇಡಿ. ಕೋರ್ಸಿನ ಹೆಸರು ಬದಲಾಯಿಸಿದೀನಿ. ಸ್ಥಳಾಧಾರಿತ ಜಲ ಪುನಶ್ಚೇತನ ತಂತ್ರಜ್ಞಾನ."

"ಹಂಗಂದ್ರೇನು ತಾಯಿ?"

"ನೀವು ಮಾಡ್ತಿದ್ರಲ್ಲ, ಅದೇ."

"ನನ್ನ ಕೆಲಸಕ್ಕೆ ಇಷ್ಟುದ್ದದ ಹೆಸರಿದೆ ಅಂತ ಮೊದಲೇ ಗೊತ್ತಿದ್ರೆ ಲಾರಿ ಮೇಲೆ ಬರೆಸ್ತಿದ್ದೆ. ಟ್ರೇಲರ್ ಬೇಕಾಗ್ತಿತ್ತು, ಅಷ್ಟೆ."

ಒಳಗೆ ದೊಡ್ಡ ಹಾಲು. ಬೇಗಲ್ಲು ಎಂಬ ಬಳೆಯಾಕಾರದ ಬ್ರೆಡ್ಡು, ಕ್ರೀಮ್ ಚೀಸು, ರಟ್ಟಿನ ಡಬ್ಬದಲ್ಲಿ ಕಾಫಿ. ನಲವತ್ತು ಜನರಿಗೆ ನಲವತ್ತು ಲ್ಯಾಪ್‌ಟಾಪು. ಡಾರೆಲ್ ಎದುರಿಗೆ ಮಾತ್ರ ಕರವಸ್ತ್ರದ ಮೇಲೆ ಒಂದು ಬೇಗಲ್ಲು. ಎಡಗೈಯಲ್ಲಿ ಕಾಫಿ, ಬಲಗೈ ಜೇಬಿನಲ್ಲಿ.

ಅಧ್ಯಕ್ಷ ಲಿಂಡ್‌ಕ್ವಿಸ್ಟ್ ಸಣಕಲು ಮನುಷ್ಯ. ನಿವೃತ್ತಿಗೆ ಏಳು ವಾರ ಉಳಿದಿತ್ತು, ಪ್ರತಿ ವಾರವನ್ನೂ ಕೈಗಡಿಯಾರದಲ್ಲೇ ನೋಡುತ್ತಿದ್ದ. ಈ ಒಕ್ಕೂಟದಲ್ಲಿ ಒಂದು ಪದ್ಧತಿಯಿತ್ತು. ಯಾರದೂ ತಕರಾರಿಲ್ಲದ ವಿಷಯಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಕಟ್ಟಿ, ಓದದೆ, ಚರ್ಚಿಸದೆ, ಒಂದೇ ಉಸಿರಿಗೆ ಪಾಸು ಮಾಡುವುದು. ಯಾರಿಗಾದರೂ ತಕರಾರಿದ್ದರೆ ಮಾತ್ರ ಆ ವಿಷಯವನ್ನು ಪಟ್ಟಿಯಿಂದ ಎಳೆಯಬೇಕು. ಮೆರೆಡಿತ್ ಎರಡು ತಿಂಗಳು ಅವರಿವರ ಕಾಲು ಹಿಡಿದು ಡಾರೆಲ್‌ನ ಕೋರ್ಸನ್ನು ಆ ಪಟ್ಟಿಗೆ ಸೇರಿಸಿದ್ದಳು. ಹನ್ನೊಂದನೆಯ ಬಾಬತ್ತು. ಪಟ್ಟಿಯ ಈ ಗುಟ್ಟನ್ನು ಡಾರೆಲ್‌ಗೆ ಹೇಳುವುದಕ್ಕೆ ಮಾತ್ರ ಅವಳಿಗೆ ಪುರುಸೊತ್ತಾಗಿರಲಿಲ್ಲ.

"ಸರ್ವಸಮ್ಮತ ಪಟ್ಟಿ, ಒಂದರಿಂದ ಹದಿನಾರು," ಎಂದ ಲಿಂಡ್‌ಕ್ವಿಸ್ಟ್. "ಯಾರಾದ್ರೂ ಯಾವ್ದಾದ್ರೂ ವಿಷಯ ಎಳೀಬೇಕಾ?"

ಎಳೆಯುವುದು! ನಲವತ್ತು ವರ್ಷ ಹಳ್ಳದಿಂದ ಎಳೆದವನಿಗೆ ಆ ಮಾತು ಎಷ್ಟು ಆತ್ಮೀಯವಾಗಿ ಕೇಳಿಸಿತೆಂದರೆ, ತನ್ನನ್ನೇ ಹೆಸರು ಹಿಡಿದು ಕರೆದ ಹಾಗಾಯಿತು. ಹಿಂದೆ ಉಳಿದದ್ದನ್ನು ಮುಂದಕ್ಕೆ ಎಳೆಯುವುದು ಅಂತಲೇ ಅವನು ತಿಳಿದ. ಯೊಲಾಂಡಾಳ ಮುಖ ಕಣ್ಣೆದುರು ಬಂತು. ಬಲಗೈ ಜೇಬಿನಿಂದ ಹೊರಗೆ ಬಂತು.

"ಹನ್ನೊಂದು!" ಎಂದ ಡಾರೆಲ್. ಹಿತ್ತಿಲಿನಿಂದ ಬೀದಿಗೆ ಕೇಳಿಸುವಂತೆ ಕೂಗಿ ಅವನಿಗೆ ರೂಢಿ. "ಹನ್ನೊಂದು ಎಳೀರಿ ಸ್ವಾಮಿ!"

ಮೆರೆಡಿತ್ ಅವನ ಕಡೆ ತಿರುಗಿದಳು. ಮೆಟ್ಟಿಲಿದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದವರ ಮುಖವಿತ್ತು ಅವಳದು.

"ಹನ್ನೊಂದು... ಡ್ರೈ ಫೋರ್ಕ್ ಕಾಲೇಜು. ನೀವು ಯಾವ ಕಾಲೇಜಿಂದ?"

"ಡ್ರೈ ಫೋರ್ಕೇ."

"ನಿಮ್ಮ ಕೋರ್ಸಿಗೆ ನಿಮ್ದೇ ತಕರಾರಾ?"

ಹಾಲೆಲ್ಲ ನಕ್ಕಿತು. "ಇಲ್ಲ, ಅವ್ರಿಗೆ ಗೊತ್ತಾಗ್ಲಿಲ್ಲ, ವಾಪಸ್ ತಗೋತೀವಿ," ಎಂದು ಮೆರೆಡಿತ್ ಎದ್ದಳು. ಆದರೆ ಎಳೆದದ್ದನ್ನು ವಾಪಸ್ಸು ತುರುಕುವ ನಿಯಮ ಇರಲಿಲ್ಲ. ಹದಿನೈದು ಬಾಬತ್ತುಗಳು ಒಂದೇ ಉಸಿರಿಗೆ ಪಾಸಾದವು. ಅದರಲ್ಲಿ ನಾಯಿಗಳಿಗೆ ಮಸಾಜು ಮಾಡುವ ಕೋರ್ಸೂ ಒಂದು. ಹನ್ನೊಂದನೆಯದು ಒಂಟಿಯಾಗಿ ಚರ್ಚೆಗೆ ನಿಂತಿತು.

ಚರ್ಚೆಗೆ ಬಂದ ಮೇಲೆ ಮಾತಾಡಲೇಬೇಕಲ್ಲ. ಕ್ಲಾರ್ಕ್ಸ್ ಲ್ಯಾಂಡಿಂಗ್ ಕಾಲೇಜಿನ ಡೀನ್ ಕರ್ಟ್ ನೀಮನ್, ಮೂರನೆಯ ಲೋಟ ಕಾಫಿ ಮುಗಿಸಿ, ಮೊದಲ ಸಲ ಆ ಅರ್ಜಿಯನ್ನು ತೆರೆದು ನೋಡಿದ.

"ಜಲ ಪುನಶ್ಚೇತನ... ಇದು ಕೊಳಚೆ ನೀರಿಂದಲ್ವಾ? ನಮ್ಮ ಕಾಲೇಜಲ್ಲಿ ಕೊಳಚೆ ನೀರಿನ ಕೋರ್ಸು ಹನ್ನೆರಡು ವರ್ಷದಿಂದ ನಡೀತಿದೆ. ಪಕ್ಕದಲ್ಲೇ ಇನ್ನೊಂದು ಯಾಕೆ?"

"ನಿಮ್ದು ಪಟ್ಟಣದ ಚರಂಡಿ ಸ್ವಾಮಿ," ಎಂದ ಡಾರೆಲ್. "ನಮ್ದು ಹಿತ್ತಿಲ ಟ್ಯಾಂಕು. ಅದು ಬೇರೆ, ಇದು ಬೇರೆ. ದಂತವೈದ್ಯನ ಹತ್ರ ಹೆರಿಗೆ ಮಾಡಿಸ್ತೀರಾ?"

ಮೆರೆಡಿತ್ ಕಣ್ಣು ಮುಚ್ಚಿಕೊಂಡಳು.

ಲಿಂಡ್‌ಕ್ವಿಸ್ಟ್ ಅಂಕಿ ಅಂಶದ ಅಧಿಕಾರಿ ಪ್ರಿಸಿಲ್ಲಾ ವಾಂಗ್ ಕಡೆ ನೋಡಿದ. ಅವಳು ಪರದೆಯ ಮೇಲೆ ಒಂದು ಕೋಷ್ಟಕ ಬಿಟ್ಟಳು. ವಲಯದಲ್ಲಿ ಈ ಕೆಲಸಕ್ಕೆ ವರ್ಷಕ್ಕೆ ಒಂಬತ್ತು ಹುದ್ದೆ. ಚರಂಡಿಯವರು, ಟ್ಯಾಂಕಿನವರು, ಎಲ್ಲ ಒಂದೇ ಸಾಲಿನಲ್ಲಿ. ನೀಮನ್ ಕಾಲೇಜಿನಿಂದ ವರ್ಷಕ್ಕೆ ಹೊರಬರುವವರು ಹದಿನಾಲ್ಕು.

"ಅಂದ್ರೆ ಈಗಾಗ್ಲೇ ಐದು ಜನ ಹೆಚ್ಚಾಗಿದಾರೆ," ಎಂದಳು.

"ಆ ಐದು ಜನ ಎಲ್ಲವ್ರೆ?" ಡಾರೆಲ್ ಎದ್ದು ನಿಂತ. "ನಮ್ಮೂರಲ್ಲಿ ಟ್ಯಾಂಕ್ ಉಕ್ಕಿದ್ರೆ ಆರು ವಾರ ಕಾಯ್ಬೇಕು. ಹೋದ ತಿಂಗಳು ಒಬ್ಬಳು ಮುದುಕಿ ಸ್ನಾನಕ್ಕೆ ಮಗಳ ಮನೆಗೆ ಮೂವತ್ತು ಮೈಲಿ ಹೋಗ್ತಿದ್ಲು. ಆ ಐದು ಜನರ ವಿಳಾಸ ಕೊಡಿ, ನಾನೇ ಕರ್ಕೊಂಡು ಹೋಗ್ತೀನಿ!"

"ಅದು ಅನುಭವದ ಮಾತಾಯ್ತು," ಎಂದ ಲಿಂಡ್‌ಕ್ವಿಸ್ಟ್ ಮೆತ್ತಗೆ, ಜ್ವರ ಬಂದವನಿಗೆ ಹೇಳುವ ಹಾಗೆ. "ಇಲ್ಲಿ ನಾವು ಮಾಹಿತಿ ನೋಡ್ತೀವಿ."

ಡಾರೆಲ್ ಕೂತ. ಉಕ್ಕಿದ ಟ್ಯಾಂಕನ್ನು ಮೂಗಿನ ಕೆಳಗೆ ಕಂಡವನ ಮಾತು ಮಾಹಿತಿಯಲ್ಲ, ಆ ಟ್ಯಾಂಕಿನಿಂದ ನೂರು ಮೈಲಿ ದೂರ ಕೂತು ಯಾರೋ ಒತ್ತಿದ ಗುಂಡಿ ಮಾಹಿತಿ. ನಲವತ್ತು ವರ್ಷದಲ್ಲಿ ಅವನಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

"ಹತ್ತು ನಿಮಿಷ ಬಿಡುವು. ಆಮೇಲೆ ಮತಕ್ಕೆ ಹಾಕೋಣ," ಎಂದ ಅಧ್ಯಕ್ಷ. ಆ ಮತ ಏನಾಗುತ್ತದೆಂದು ಬೇಗಲ್ಲಿಗೂ ಗೊತ್ತಿತ್ತು.

ನಲವತ್ತು ಜನ, ಅರ್ಧ ದಿನದ ಕಾಫಿ, ಗಂಡಸರಿಗೆ ಎರಡು, ಹೆಂಗಸರಿಗೆ ಎರಡು ಟಾಯ್ಲೆಟ್ಟು. ನೀಮನ್ ಮೊದಲು ಒಳಗೆ ಹೋದ. ಅವನ ಹಿಂದೆ ಸಾಲು ನಿಂತಿತು. ಒಳಗಿನಿಂದ ನೀರು ಬಿಟ್ಟ ಸದ್ದು ಬಂತು, ಅದರ ಹಿಂದೆಯೇ ಎಮ್ಮೆ ನಿದ್ದೆಯಲ್ಲಿ ಮಗ್ಗುಲಾದಂಥ ಇನ್ನೊಂದು ಸದ್ದು, ಆಮೇಲೆ ನೀಮನ್‌ನದು.

"ಅಯ್ಯಯ್ಯೋ! ಮೇಲೆ ಬರ್ತಿದೆ! ಇದು ಮೇಲೆ ಬರ್ತಿದೆ ಕಣ್ರೋ!"

ಅವನು ಹೊರಬಂದಾಗ ಅವನ ಬೂಟು ಎರಡು ಬಣ್ಣವಾಗಿತ್ತು. ಹೆಂಗಸರ ಕಡೆಯಿಂದಲೂ ಕಿರುಚಾಟ ಕೇಳಿತು. ಅತಿಥಿಗೃಹದ ಮ್ಯಾನೇಜರ್ ಹುಡುಗಿ ನೆಲ ಒರೆಸುವ ಕೋಲು ಹಿಡಿದು ಓಡಿ ಬಂದಳು. ಕತ್ತಿ ಮರೆತು ಯುದ್ಧಕ್ಕೆ ಬಂದವಳಂತೆ ಕಾಣುತ್ತಿದ್ದಳು.

"ಟ್ಯಾಂಕ್ ಎಲ್ಲಿದೆಯಮ್ಮ?" ಎಂದ ಡಾರೆಲ್.

"ಯಾವ ಟ್ಯಾಂಕು?"

"ಇಷ್ಟು ದಿನ ಇಲ್ಲೇ ಇದೀಯಲ್ಲ, ಹೋಗಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂದ್ಕೊಂಡಿದ್ದೆ?"

"ಹೋಗ್ತಿತ್ತು... ಅಷ್ಟೆ," ಎಂದಳು ಅವಳು. ಅಳು ಬರುವ ಹಾಗಿತ್ತು.

"ಇರಿ, ನಮ್ಮ ಹಳೇ ವಿದ್ಯಾರ್ಥಿ ಒಬ್ಬ ಇಲ್ಲೇ ಹತ್ರ ಇದಾನೆ, ಮೊದಲ ದರ್ಜೆಯಲ್ಲಿ ಪಾಸಾದವನು," ಎಂದು ನೀಮನ್ ಫೋನ್ ಮಾಡಿದ. ಎಲ್ಲರೂ ಕೇಳಲಿ ಅಂತ ಸ್ಪೀಕರ್ ಹಾಕಿಟ್ಟ. ಹುಡುಗ ಮರ್ಯಾದೆಯಿಂದ ಮಾತಾಡಿದ. "ಸರ್, ಯಾವ ಬೀದಿ ಮ್ಯಾನ್‌ಹೋಲು?"

"ಬೀದಿ ಇಲ್ಲಪ್ಪ, ಗುಡ್ಡ."

"ಗುಡ್ಡದಲ್ಲಿ ಮ್ಯಾನ್‌ಹೋಲ್ ನಂಬರ್ ಎಷ್ಟು ಸರ್?"

ಡಾರೆಲ್ ಅಷ್ಟರಲ್ಲಿ ಹೊರಗೆ ಹೋಗಿದ್ದ. ಹ್ಯಾಂಕ್‌ನ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಪಿಕಪ್ಪಿನಿಂದ ಕಬ್ಬಿಣದ ಸರಳು, ಗುದ್ದಲಿ, ರಬ್ಬರ್ ಗ್ಲೋವ್ಸು ತೆಗೆದ. ಹಿತ್ತಿಲಿನಲ್ಲಿ ನಿಂತು ಹುಲ್ಲು ನೋಡಿದ. ಎಲ್ಲ ಕಡೆ ಹುಲ್ಲು ಮಾರ್ಚ್ ತಿಂಗಳ ಹಸಿರು, ಒಂದು ಕಡೆ ಮಾತ್ರ ಹೆಚ್ಚು ಖುಷಿಯಾಗಿತ್ತು. ಅಲ್ಲಿಂದ ಕಟ್ಟಡದ ಕಡೆಗೆ ಏಳು ಹೆಜ್ಜೆ ವಾಪಸ್ಸು ನಡೆದು ಸರಳು ಚುಚ್ಚಿದ. ಟಣ್ ಎಂದಿತು. ಒಳಗಿನ ಕಿಟಕಿಗಳಿಗೆಲ್ಲ ಮುಖಗಳು ಅಂಟಿಕೊಂಡವು.

ಬೆನ್ನು ಬೇಡ ಬೇಡ ಅನ್ನುತ್ತಿದ್ದರೂ ಅಗೆದ. ಮುಚ್ಚಳ ಸರಿಸಿದಾಗ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಹೊರಹೋಗುವ ಕೊಳವೆಯ ಬಾಯಲ್ಲಿ ಒಂದು ಸೋಸುಬುಟ್ಟಿ ಇರುತ್ತದೆ. ಅದರ ತುಂಬ ಒದ್ದೆ ಟಿಶ್ಯೂಗಳು, ಹಗ್ಗ ಹೊಸೆದ ಹಾಗೆ. ಪೊಟ್ಟಣದ ಮೇಲೆ 'ಕಮೋಡಿಗೆ ಹಾಕಬಹುದು' ಎಂದು ಮುದ್ದಾಗಿ ಅಚ್ಚು ಹಾಕಿರುತ್ತಾರಲ್ಲ, ಅದೇ ಸರಕು. ತೋಳು ಪೂರ್ತಿ ಇಳಿಸಿ ಡಾರೆಲ್ ಅದನ್ನು ಎಳೆದ. ಟೈ ಹೆಗಲಿಂದ ಜಾರಿ ಮೀನುಗಳೆಲ್ಲ ಕೆಳಗೆ ಈಜಿಗಿಳಿದವು. ಮೂರನೆಯ ಎಳೆತಕ್ಕೆ ಗುಳುಕ್ ಎಂದಿತು. ಇಡೀ ಕಟ್ಟಡ ನಿಟ್ಟುಸಿರು ಬಿಟ್ಟಂತೆ ನೀರು ಇಳಿಯತೊಡಗಿತು. ಒಳಗೆ ಚಪ್ಪಾಳೆ ಕೇಳಿಸಿತು.

ಸೋಸುಬುಟ್ಟಿ ತೊಳೆದಿಟ್ಟು, ಮುಚ್ಚಳ ಹಾಕಿ, ಹೆಗಲವರೆಗೆ ಕೆಸರಾಗಿ ಅವನು ಬಾಗಿಲ ಹತ್ತಿರ ಬಂದಾಗ ಮ್ಯಾನೇಜರ್ ಹುಡುಗಿ ಅಡ್ಡ ನಿಂತಳು. "ಸರ್, ನೀವು ದೇವರು ಸರ್. ಆದ್ರೆ ಒಳಗೆ ಬರ್ಬೇಡಿ ಸರ್. ಕಾರ್ಪೆಟ್ಟು."

ಹೀಗಾಗಿ ತನ್ನ ಕೋರ್ಸಿನ ಮತವನ್ನು ಡಾರೆಲ್ ಕಿಟಕಿಯ ಗಾಜಿನಾಚೆ ನಿಂತು ನೋಡಿದ. ಬಾಯಿಗಳು ಆಡುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡ ನೀಮನ್ ಎದ್ದು ಬಹಳ ಹೊತ್ತು ಮಾತಾಡಿದ. ಕೈಬೀಸಿ ಕಿಟಕಿಯತ್ತ ತೋರಿಸಿದ. ಮೆರೆಡಿತ್ ಏನೋ ಹೇಳಲು ಎದ್ದಳು, ಕೂತಳು, ಮತ್ತೆ ಎದ್ದಳು. ಕೊನೆಗೆ ಕಾಲೇಜಿಗೊಂದರಂತೆ ಕೈಗಳು ಮೇಲಕ್ಕೆ ಹೋದವು. ಒಂದು, ಎರಡು... ಒಂಬತ್ತೂ. ಆದರೆ ಯಾತಕ್ಕೆ? ಬೇಕು ಅಂತಲೋ ಬೇಡ ಅಂತಲೋ? ಡಾರೆಲ್ ಗಾಜಿನ ಮೇಲೆ ಮಂಜು ಕಟ್ಟುವಷ್ಟು ಹತ್ತಿರ ನಿಂತಿದ್ದ.

ಮೆರೆಡಿತ್ ಹೊರಗೆ ಬಂದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಆ ಕಡೆ ನಿಂತಳು.

"ಆಯ್ತು ಡಾರೆಲ್. ಒಂಬತ್ತಕ್ಕೆ ಒಂಬತ್ತು. ನೀಮನ್ನೇ ಸೂಚಿಸಿದ್ದು."

ಡಾರೆಲ್ ಹೋಗಿ ಪಿಕಪ್ಪಿನ ಬಂಪರ್ ಮೇಲೆ ಕೂತ. "ನೀಮನ್? ಅವ್ನಾ?"

"ಬಹಳ ಚೆನ್ನಾಗಿ ಮಾತಾಡಿದ್ರು. ಇದು ಎಂಥ ನಾಜೂಕಿನ ಕೆಲಸ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ, ಹುಲ್ಲು ನೋಡಿ ಟ್ಯಾಂಕ್ ಕಂಡುಹಿಡಿದ್ರು, ಇದು ವಿಜ್ಞಾನ ಅಂದ್ರು. ಅರ್ಧ ಹಾಲು ತಲೆದೂಗ್ತು." ಅವಳು ತಡೆದಳು. "ಅದಕ್ಕೇ ಒಂದು ಷರತ್ತು ಹಾಕಿದ್ರು."

"ಏನು?"

"ಇಂಥ ಕೆಲಸಾನ ಯಾರ್ಯಾರೋ ಕಲಿಸೋ ಹಾಗಿರ್ಬಾರ್ದು. ಓದಿದವರೇ ಕಲಿಸ್ಬೇಕು. ಕಡೇಪಕ್ಷ ಎರಡು ವರ್ಷದ ಪದವಿ ಇರ್ಬೇಕು ಅಂತ."

ಡಾರೆಲ್ ಗ್ಲೋವ್ಸು ಕಳಚುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

"ಯಾವ ಪದವಿ?"

"ಯಾವ್ದಾದ್ರೂ ಆಗತ್ತೆ. ಸಂಗೀತ ಆದ್ರೂ ಆಗತ್ತೆ."

"ಸಂಗೀತ ಓದಿದೋನು ಟ್ಯಾಂಕಿನ ಪಾಠ ಮಾಡ್ಬೌದು?"

"ನಿಯಮ ಹಾಗೇ ಇದೆ. ನಿಮ್ಮ ಅನುಭವಾನೇ ಪದವಿಗೆ ಸಮ ಅಂತ ಬರೆದು ನಿಮ್ಮನ್ನ ತಗೋಬೇಕು ಅಂತ ನನ್ನ ಲೆಕ್ಕ ಇತ್ತು ಡಾರೆಲ್. ಎಷ್ಟೋ ಕಡೆ ನಡಿಯತ್ತೆ, ಯಾರೂ ಕೇಳಲ್ಲ. ಈಗ ನಡಾವಳಿಯಲ್ಲೇ ಬರೆದ್ಬಿಟ್ರು. ಅನುಭವಾನ ಪದವಿ ಅಂತ ಪರಿಗಣಿಸೋ ಹಾಗಿಲ್ಲ. ನಾನು ಎದ್ದೆ, ಜಗಳ ಆಡ್ದೆ. ಷರತ್ತಿಲ್ದೆ ಮತ ಹಾಕಲ್ಲ ಅಂದ್ರು."

ಒಳಗೆ ಯಾರೋ ನೀರು ಬಿಟ್ಟರು. ಕೊಳವೆ ಸರಾಗವಾಗಿ ಹರಿಯುವುದು ಡಾರೆಲ್‌ನ ಕಾಲ ಕೆಳಗೇ ಕೇಳಿಸಿತು.

"ಹೋಗ್ಲಿ, ನನ್ನ ಶನಿವಾರದ್ದಾದ್ರೂ ಇರ್ಲಿ ಬಿಡಿ. ಜೂನ್ ತನಕ."

ಮೆರೆಡಿತ್ ತನ್ನ ಬೂಟು ನೋಡಿಕೊಂಡಳು. "ಒಂದೇ ವಿಷಯಕ್ಕೆ ಅಂಕದ ಕೋರ್ಸು ಮಂಜೂರಾದ ಮೇಲೆ ಹವ್ಯಾಸದ ಕ್ಲಾಸು ನಡೆಸೋ ಹಾಗಿಲ್ಲ. ಅದು... ಇವತ್ತಿಂದಲೇ."

ನೀಮನ್ ಬಾಗಿಲಿಗೆ ಬಂದು, ಮೂಗು ಹಿಡಿದ ಕೈ ಹಾಗೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ಹೆಬ್ಬೆರಳು ಎತ್ತಿ ತೋರಿಸಿ ಊಟಕ್ಕೆ ಹೋದ. ಅವನ ಮುಖದಲ್ಲಿ ಕಪಟ ಇರಲಿಲ್ಲ. ಮಹದುಪಕಾರ ಮಾಡಿದ ಸಂತೋಷವಿತ್ತು. ಅದೇ ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ. ಕೆಟ್ಟವನಾಗಿದ್ದರೆ ಎರಡು ಬಾರಿಸಬಹುದಿತ್ತು.

"ಒಂದು ದಾರಿ ಇದೆ," ಎಂದು ಮೆರೆಡಿತ್ ಚೀಲದಿಂದ ಒಂದು ಹಾಳೆ ತೆಗೆದಳು. ತೋಳನ್ನು ಪೂರ್ತಿ ಚಾಚಿ ಅವನ ಪಕ್ಕದಲ್ಲಿಟ್ಟಳು. "ನೀವು ನಮ್ಮ ಕಾಲೇಜಿಗೆ ಸೇರಿ. ಎರಡೇ ವರ್ಷ. ಇಂಗ್ಲಿಷು, ಬೀಜಗಣಿತ, ಇತಿಹಾಸ... ಮತ್ತೆ ಈ ಕೋರ್ಸಿನ ಅಂಕಗಳೂ ಲೆಕ್ಕಕ್ಕೆ ಬರತ್ತೆ."

"ನನ್ನ ಕೋರ್ಸೇ ನಾನು ಕಲೀಬೇಕಾ? ಪರೀಕ್ಷೆ ಬರೀಬೇಕಾ?"

"ನಿಮಗೆ ಸುಲಭ ಆಗತ್ತೆ. ಆ ಕೋರ್ಸಿನ ಪುಸ್ತಕ ನೀವೇ ಹೇಳಿ ಬರೆಸಿದ್ದಲ್ವಾ." ಅವಳ ಕಣ್ಣಲ್ಲಿ ನೀರಿತ್ತು. ಅದು ದುಃಖದ್ದೋ ವಾಸನೆಯದ್ದೋ ಹೇಳುವುದು ಕಷ್ಟವಿತ್ತು. "ಮೊದಲನೇ ಸೀಟು ನಿಮಗೇ ಕೊಡ್ತೀನಿ."

"ವಿದ್ಯಾರ್ಥಿಗೆ ವಿಮೆ ಇದೆಯಾ?"

"ಇದೆ. ಕಾಲೇಜಲ್ಲಿ ಜಾರಿ ಬಿದ್ರೆ ಬ್ಯಾಂಡೇಜು ಹಾಕ್ತಾರೆ."

ಅವಳು ಹೋದ ಮೇಲೆ ಡಾರೆಲ್ ಕೊಳಾಯಿಯಲ್ಲಿ ತೋಳು ತೊಳೆದುಕೊಂಡ. ಟೈ ಬಿಚ್ಚಿ ಕಸದ ಡಬ್ಬಕ್ಕೆ ಹಾಕಿದ. ಅತಿಥಿಗೃಹದಿಂದ ಸುಟ್ಟ ಮಾಂಸದ ಪರಿಮಳ ಬರುತ್ತಿತ್ತು. ಅವನನ್ನು ಊಟಕ್ಕೆ ಯಾರೂ ಕರೆದಿರಲಿಲ್ಲ, ಕರೆದಿದ್ದರೂ ಕಾರ್ಪೆಟ್ಟಿತ್ತು. ಹಾಳೆಯನ್ನು ಒದ್ದೆ ಬೆರಳಿನಿಂದ ಎತ್ತಿಕೊಂಡು ಪಿಕಪ್ಪಿನಲ್ಲಿ ಕೂತ. 'ಹಿಂದೆ ಓದಿದ ಶಾಲೆ' ಎಂಬ ಗೆರೆಯ ಮೇಲೆ ಹೆಬ್ಬೆಟ್ಟಿನ ಕಂದು ಗುರುತು ಮೂಡಿತು.

ಫೋನು ಬಡಿದುಕೊಂಡಿತು. ಲೋರ್ನಾ. ಮೊದಲ ರಿಂಗಿಗೇ ಎತ್ತದಿದ್ದರೆ ಅವಳು ಕುರ್ಚಿ ಬಿಟ್ಟು ಎದ್ದು ಓಡಾಡುತ್ತಾಳೆ ಎಂದು ಎತ್ತಿದ.

"ಏನಾಯ್ತೋ? ಬೆಳಿಗ್ಗೆಯಿಂದ ಫೋನ್ ಹಿಡ್ಕೊಂಡೇ ಕೂತಿದೀನಿ. ಒಪ್ಪಿದ್ರಾ?"

"ಒಪ್ಪಿದ್ರು."

"ಎಲ್ರೂನೂ?"

"ಎಲ್ರೂನೂ. ಒಂಬತ್ತಕ್ಕೆ ಒಂಬತ್ತು."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ಅಂದ್ರೆ... ಡಾರೆಲ್, ಸರಿಯಾಗಿ ಹೇಳು. ನಿನ್ನನ್ನ ಕಾಲೇಜಿಗೆ ಸೇರಿಸ್ಕೊಂಡ್ರಾ?"

ಡಾರೆಲ್ ತೊಡೆಯ ಮೇಲಿದ್ದ ಹಾಳೆ ನೋಡಿದ. ಹೆಂಡತಿಗೆ ಅವನು ಮೂವತ್ತೈದು ವರ್ಷದಲ್ಲಿ ಒಂದು ಸುಳ್ಳೂ ಹೇಳಿದವನಲ್ಲ.

"ಹೂಂ," ಎಂದ. "ಸೇರಿಸ್ಕೊಂಡ್ರು."

ಲೋರ್ನಾ ಅಳುತ್ತ ನಗತೊಡಗಿದಳು. ಆಮೇಲೆ ಫೋನನ್ನು ಎದೆಗೊತ್ತಿಕೊಂಡು ಪಕ್ಕದ ಮನೆಯವಳನ್ನು ಕೂಗುವುದು ಕೇಳಿಸಿತು, "ಖಾಯಂ ಆಯ್ತು ಕಣೇ! ಖಾಯಂ!" ಎಂದು. ಮತ್ತೆ ಫೋನಿಗೆ ಬಂದಳು.

"ಯಾವಾಗಿಂದ ಹೋಗ್ಬೇಕು? ಡಾಕ್ಟ್ರಿಗೆ ಯಾವ ತಾರೀಕು ಹೇಳ್ಲಿ?"

"ಆಗಸ್ಟಲ್ಲಿ ಕ್ಲಾಸು ಶುರು," ಎಂದ ಡಾರೆಲ್, ಮತ್ತು ಗಾಡಿ ಸ್ಟಾರ್ಟು ಮಾಡಿದ.